ಎದ್ದರೂ ಬಾರದ ನೆಟ್‌ವರ್ಕ್

“ನಾ ರಿಟೈರ್ ಆಗೋದ್ರೊಳಗ ನಮ್ಮ ಕಾಲೇಜಿನ ಲ್ಯಾಬ್ ಸರಿ ಮಾಡಿ ಕೊಡ್ತೇನಿ ಅಂದಿದ್ದಿ ಹರ್ಷದಾ, ನೀ ಇನ್ನೂ ಓದೋ ಮುಂದ. ಇವತ್ತ ನನ್ನ ಕಡೀ ದಿನ.”

ತೇರದಾಳದ ಬಸ್ ನಿಲ್ದಾಣದಲ್ಲಿ ಸುಲಭಾ ಮೇಡಂ ತಮ್ಮ ಹಳೆಯ ವಿದ್ಯಾರ್ಥಿನಿಗೆ ಹೀಗೆ ಅಂದದ್ದು, ನಿದ್ದೆಗಣ್ಣಿನ ಮಗಳಿಗೆ ಜಡೆ ಹಾಕುತ್ತಿದ್ದ ನನಗೂ ಕೇಳಿಸಿತು.

“ನಿನ್ನಿ ಸಂಜಿಕ ಮಾಡೇನ್ರಿ, ಮೇಡಂ.”

“ದಿನಾ ಸಂಜಿಕ ಹೈಬರ್ನೇಟ್ ಮಾಡಿ ಮಲಗಿಸಿ ಮನಿಗೆ ಹೋದ್ರ, ಮುಂಜಾನಿ ಸರ್ವರಿನೊಳಗಿನ ವರ್ಚುವಲ್ ಮಷೀನ್ ಏಳ್ತಾವ, ನೆಟ್‌ವರ್ಕ್ ಏಳೂದಿಲ್ಲ. ಹುಡುಗರ ಅರ್ಧ ಕ್ಲಾಸ್ ಅದಕ್ಕ ಹೋಗ್ತದ.”

“ನೆಟ್‌ವರ್ಕ್ ನಡಸೋ ಡ್ರೈವರ್ ಸಾಫ್ಟ್‌ವೇರಿನ ತಪ್ಪಿತ್ರಿ. ಸರ್ವರ್ ಮೆಮೊರಿಯೊಳಗ ಕೊಟ್ಟಿದ್ದ ಜಾಗಾ ಬಿಡದನ ಮಲಗತಿತ್ತು. ಎದ್ದು ಅಲ್ಲೇ ಹೋಗಿ ಕಾಯ್ತಿತ್ತು. ಅಲ್ಲಿ ಆ ಜಾಗಾನ ಇರ್ತಿರಲಿಲ್ಲ.”

“ಈಗ?”

“ಮಲಗೋ ಮುಂದ ಎಲ್ಲಾ ವಾಪಸ್ ಕೊಡ್ತದ್ರಿ. ಎದ್ದು ಹೊಸದಾಗಿ ಕೇಳ್ಕೋತದ.”

“ಇಷ್ಟಕ್ಕ ಇಷ್ಟ್ ವರ್ಷ? ಡ್ರೈವರ್ ಮಲಗಿತ್ತೋ, ನೀ ಮಲಗಿದ್ಯೋ?”

“ಇಬ್ರೂನೂರಿ.”

ಲ್ಯಾಬ್ ತೆರೆಯಲು ಬೇಗ ಹೋಗಿದ್ದ ಲ್ಯಾಬ್ ಸಹಾಯಕ ಈಶ್ವರನ ಫೋನ್ ಬಂತು. ಮೇಡಂ ಸ್ಪೀಕರ್ ಹಾಕಿದರು.

“ಎಲ್ಲಾ ಎದ್ದಾವ್ರಿ ಮೇಡಂ! ಒಂದೂ ಬಿಡದಂಗ ನೆಟ್‌ವರ್ಕ್ ಬಂದೈತ್ರಿ!”

ಮೇಡಂ ಹರ್ಷದಾಳ ಬೆನ್ನಿಗೊಂದು ಗುದ್ದಿದರು. “ಛಲೋ ಮಾಡಿದಿ ನಮ್ಮವ್ವಾ.”

ಜಮಖಂಡಿ ಬಸ್ ಬಂತು. ಇಬ್ಬರೂ ಹತ್ತಿದರು. ಹರ್ಷದಾ ಕೊಟ್ಟ ಮಾತು ನಡೆಸಿಕೊಟ್ಟಿದ್ದಳು.