ಸಿದ್ದು ಕೇಳಿದ್ದ ಮೂರು ಸಹಿ

ಎಲ್ಲರಿಗೂ ನಮಸ್ಕಾರ. ಸಿದ್ದಲಿಂಗೇಶ್ ಅವರ ತಾಯಿ ಶಂಕ್ರವ್ವನವರಿಗೆ, ಪತ್ನಿ ಅನಘಾ ಅವರಿಗೆ, ಬಂಧುಗಳಿಗೆ ನಮಸ್ಕಾರ. ಕೇಳಿದ ತಕ್ಷಣ ಅನ್ನಪೂರ್ಣೇಶ್ವರಿ ನಗರದ ಈ ಸಮುದಾಯ ಭವನ ಬಿಟ್ಟುಕೊಟ್ಟ ಹಿರಿಯರಿಗೂ, ಕಾಮಾಕ್ಷಿಪಾಳ್ಯದಿಂದ ಅರ್ಧ ದಿನ ರಜೆ ಹಾಕಿ ಬಂದಿರೋ ಹೆಣ್ಣುಮಕ್ಕಳಿಗೂ ನಮಸ್ಕಾರ. ನಾನು ಬಸವರಾಜೇಶ್ವರಿ, ಮೂಡಲಪಾಳ್ಯದ ಹತ್ತಿರ ನಮ್ಮ ಆರೋಗ್ಯ ಕೇಂದ್ರದಲ್ಲಿ ನರ್ಸು. ಸಿದ್ದು ಅಲ್ಲೇ ಫಾರ್ಮಸಿಸ್ಟ್. ಒಂಬತ್ತು ವರ್ಷ ಅವನ ಔಷಧಿ ಕಿಟಕಿಗೂ ನನ್ನ ಇಂಜೆಕ್ಷನ್ ರೂಮಿಗೂ ಮಧ್ಯೆ ಒಂದೇ ಗೋಡೆ.

ನನಗಿಂತ ಮೊದಲು ಮಾತಾಡಿದವರೆಲ್ಲ ಅವನನ್ನ ದೇವರಂಥ ಮನುಷ್ಯ ಅಂದ್ರು. ನನಗೆ ಸಿಟ್ಟು ಬಂತು. ಕ್ಷಮಿಸಿ — ಆದ್ರೆ ಬಂತು. ಸಿದ್ದು ದೇವರಲ್ಲ. ಟಿಫನ್ ಬಾಕ್ಸ್ ತೊಳೆಯದೆ ಮುಚ್ಚಿಡ್ತಿದ್ದ. ಮಾತ್ರೆ ಸ್ಟಾಕ್ ಮುಗಿದ್ರೆ ಕಂಡಕಂಡವರ ಮೇಲೆ ರೇಗ್ತಿದ್ದ. ನಲವತ್ಮೂರು ವರ್ಷದ, ಶುಗರ್ ಇದ್ದ, ಸುಸ್ತಾಗಿದ್ದ ಮನುಷ್ಯ. ಹದಿನೈದು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ ಬಸ್‌ಸ್ಟಾಪಲ್ಲಿ ಎದೆ ಹಿಡ್ಕೊಂಡು ಕೂತವನು ಮತ್ತೆ ಏಳಲಿಲ್ಲ.

ಅವನು ಮಾಡ್ತಿದ್ದ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು ಹೇಳ್ತೀನಿ. ಸಿಕಲ್ ಸೆಲ್ ಅಂತ ಒಂದು ಕಾಯಿಲೆ. ಹುಟ್ಟಿನಿಂದ ಬರೋದು, ಅಂಟೋದಲ್ಲ. ದುಂಡಗಿರಬೇಕಾದ ರಕ್ತದ ಕಣ ಕುಡುಗೋಲಿನ ಥರ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಆಗ ಬರೋ ನೋವು — ಇಪ್ಪತ್ತೆರಡು ವರ್ಷ ಹೆರಿಗೆ ನೋಡಿದೋಳು ನಾನು, ಆ ನೋವು ನೋಡೋಕೆ ನನ್ನ ಕೈಲೂ ಆಗಲ್ಲ. ಆದ್ರೆ ಮೈಮೇಲೆ ಗಾಯ ಇರಲ್ಲ. ಹಾಗಾಗಿ ಎಷ್ಟೋ ಜನ ನಂಬಲ್ಲ. ಇಂಜೆಕ್ಷನ್ ಚಟ ಹತ್ತಿರಬೇಕು ಅಂತಾರೆ.

ಈ ಕಾಯಿಲೆಯವರಿಗೆ ದಿನಾ ನುಂಗೋ ಕ್ಯಾಪ್ಸೂಲ್ ಸಿಗೋದು ನಮ್ಮಲ್ಲಿ. ರಕ್ತ ಸಿಗೋದು ಇನ್ನೊಂದು ಕಡೆ, ಬ್ಲಡ್ ಬ್ಯಾಂಕಲ್ಲಿ. ನೋವು ಕೆರಳಿದ್ರೆ ಹೋಗ್ಬೇಕಾದ್ದು ದೊಡ್ಡಾಸ್ಪತ್ರೆ ಕ್ಯಾಷುಯಲ್ಟಿಗೆ — ಆಸ್ಪತ್ರೆ ಹೆಸರು ಹೇಳಲ್ಲ, ಕೂತಿರೋರಿಗೆ ಗೊತ್ತು. ಮೂರೂ ಸರ್ಕಾರದ್ದೇ. ಮೂರೂ ಉಚಿತವೇ. ಮೂರು ಕಡೆಯವರಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ರೋಗಿ ಹೋದ ಕಡೆಯೆಲ್ಲ ಮೊದಲಿಂದ ಕತೆ ಹೇಳ್ಬೇಕು, ಊರಿನ ತಾಲ್ಲೂಕು ಆಸ್ಪತ್ರೆಯಿಂದ ಕಾಯಿಲೆ ಇದೆ ಅಂತ ಕಾಗದ ತರಿಸ್ಬೇಕು. ನೋವಲ್ಲಿ ಒದ್ದಾಡ್ತಿರೋ ಮಗು ತಾಲ್ಲೂಕಿಗೆ ಹೋಗಿ ಬರ್ತದಾ?

ಸಿದ್ದು ಒಂದು ಹಳದಿ ಕಾರ್ಡು ಮಾಡಿದ. ರೋಗಿ ಹೆಸರು, ರಕ್ತದ ಗುಂಪು, ಯಾವ ಇಂಜೆಕ್ಷನ್ ಕೊಡ್ಬೇಕು, ಯಾವುದು ಕೊಡಬಾರದು. ಕೆಳಗೆ ಅವನ ಫೋನ್ ನಂಬರ್. ಈ ಕಡೆ ಮೂವತ್ತೆಂಟು ಜನ ಆ ಕಾರ್ಡು ಇಟ್ಕೊಂಡಿದಾರೆ. ಕ್ಯಾಷುಯಲ್ಟಿಯವರು ಫೋನ್ ಮಾಡಿದ್ರೆ ಇವನು ಅರ್ಧ ತಿಂದ ಇಡ್ಲಿ ಬಿಟ್ಟು ರಿಪೋರ್ಟ್ ಕಳಿಸ್ತಿದ್ದ, ಬ್ಲಡ್ ಬ್ಯಾಂಕಿಗೆ ಹೇಳಿ ರಕ್ತ ಕೊಡಿಸ್ತಿದ್ದ.

ಅಲ್ಲಿ ಹಿಂದಿನ ಸಾಲಲ್ಲಿ ಬೋರಮ್ಮ ಕೂತಿದಾರೆ. ಕಾಡಂಚಿನ ಹಾಡಿಯಿಂದ ಬಂದು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಲ್ಲಿ ಹೊಲಿಯೋರು. ಮಗಳು ರಮ್ಯಶ್ರೀಗೂ ಅಲ್ಲೇ ಕೆಲಸ, ಹತ್ತೊಂಬತ್ತು ವರ್ಷ. ಈ ಕಾಯಿಲೆಯವರು ನೀರು ಜಾಸ್ತಿ ಕುಡೀಬೇಕು. ಸೂಪರ್‌ವೈಸರ್ ಮಿಷನ್ ಹತ್ರ ಬಾಟ್ಲಿ ಇಡೋಕೆ ಬಿಡ್ತಿರ್ಲಿಲ್ಲ. ಸಿದ್ದು ನೇರ ಫ್ಯಾಕ್ಟರಿ ಗೇಟಿಗೆ ಹೋದ. ಅವರು ಇವನನ್ನ ಯೂನಿಯನ್‌ನವನು ಅಂದ್ಕೊಂಡು ಹೊರಗೆ ಒಂದು ಗಂಟೆ ನಿಲ್ಲಿಸಿದ್ರು. ಆಮೇಲೆ ಸೂಪರ್‌ವೈಸರ್ ಬಂದಾಗ, "ಅಣ್ಣಾ, ನಾನು ಸ್ಟ್ರೈಕ್ ಮಾಡಿಸೋಕೆ ಬಂದಿಲ್ಲ, ಒಂದು ಬಾಟ್ಲಿ ನೀರಿಗೆ ಬಂದಿದೀನಿ" ಅಂದನಂತೆ. ಬಾಟ್ಲಿ ಇಡಿಸೇ ಬಂದ.

ನಾವೇನು ಮಾಡಿದ್ವಿ? ರಾಜ್ಯೋತ್ಸವದ ದಿನ ಶಾಲು ಹೊದಿಸಿದ್ವಿ. ಹಾರ ಹಾಕಿದ್ವಿ. ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸ್ಕೊಂಡ್ವಿ. ಮಾರನೇ ದಿನದಿಂದ ಸಿಕಲ್ ಸೆಲ್ ಅಂತ ಯಾರು ಬಂದ್ರೂ — ಸಿದ್ದುಗೆ ಹೇಳಿ. ಕೇಸ್ ಕಷ್ಟ ಇದ್ಯಾ — ಸಿದ್ದುಗೆ ಹೇಳಿ. ಒಬ್ಬ ಮನುಷ್ಯನ ಜೇಬಿನ ಫೋನನ್ನೇ ನಾವು ಇಲಾಖೆ ಮಾಡ್ಕೊಂಡ್ವಿ.

ಅವನಿಗೆ ಇದು ಗೊತ್ತಿತ್ತು. ಒಂದೇ ಒಂದು ಪುಟದ ಪತ್ರ ಬರೆದಿದ್ದ. ಆರೋಗ್ಯ ಕೇಂದ್ರ, ಬ್ಲಡ್ ಬ್ಯಾಂಕ್, ಕ್ಯಾಷುಯಲ್ಟಿ — ಮೂರೂ ಕಡೆ ಈ ಕಾರ್ಡನ್ನ ಒಪ್ಕೋಬೇಕು, ಯಾರಿಗೂ ಫೋನ್ ಮಾಡಿಸದೆ ಮೊದಲು ನೋವಿಗೆ ಇಂಜೆಕ್ಷನ್ ಕೊಡಬೇಕು, ಕಾಗದಪತ್ರ ಆಮೇಲೆ. ಮೂರು ಸಹಿ ಬೇಕಿತ್ತು. ಹದಿನಾಲ್ಕು ತಿಂಗಳು ಆ ಪತ್ರ ಮೇಜಿಂದ ಮೇಜಿಗೆ ಓಡಾಡ್ತು. ನೋಡೋಣ ಅಂದ್ರು. ಸುತ್ತೋಲೆ ಬರಲಿ ಅಂದ್ರು.

ನನ್ನದೂ ಹೇಳಿಬಿಡ್ತೀನಿ. ಯುಗಾದಿ ಆದ ವಾರ ನನ್ನ ರೂಮಿಗೆ ಬಂದು, "ಅಕ್ಕಾ, ಕಾರ್ಡಲ್ಲಿ ನನ್ನ ನಂಬರ್ ಕೆಳಗೆ ನಿಮ್ದೂ ಹಾಕ್ಲಾ?" ಅಂದ. "ನನಗೇನು ಮನೆ ಸಂಸಾರ ಇಲ್ವೇನಪ್ಪಾ" ಅಂದೆ. ನಕ್ಕು ಹೋದ. ಮತ್ತೆ ಕೇಳಲಿಲ್ಲ. ಅನಘಾ, ನಿಮ್ಮ ಮುಂದೆ ನಿಂತು ಇದನ್ನ ಹೇಳೋಕೆ ನನಗೆ ನಾಚಿಕೆ ಆಗ್ತಿದೆ.

ಈಗ ಅವನು ಹೋದ ಮೂರನೇ ದಿನದ ವಿಷಯ. ರಮ್ಯಶ್ರೀಗೆ ಎದೇಲಿ ನೋವು, ಉಸಿರು ಸಿಗ್ತಿಲ್ಲ. ಬೋರಮ್ಮ ಆಟೋದಲ್ಲಿ ಹಾಕ್ಕೊಂಡು ಕ್ಯಾಷುಯಲ್ಟಿಗೆ ಹೋದ್ರು. ಡ್ಯೂಟಿ ಡಾಕ್ಟರ್ ಹಳದಿ ಕಾರ್ಡ್ ನೋಡಿ ಏನಂದ್ರು ಗೊತ್ತಾ? "ಈ ನಂಬರ್‌ಗೆ ಫೋನ್ ಮಾಡ್ಸಿ. ಅವರು ಹೇಳಿದ್ರೆ ಇಂಜೆಕ್ಷನ್ ಕೊಡ್ತೀವಿ."

ಅವರು ಕೆಟ್ಟವರಲ್ಲ. ಅಲ್ಲಿ ಹಾಗೇ ರೂಢಿ ಆಗಿತ್ತು.

ಸಿದ್ದು ಹೋದ ಸುದ್ದಿ ಗೊತ್ತಿಲ್ಲದೆ ಬೋರಮ್ಮ ಹನ್ನೊಂದು ಸಲ ಫೋನ್ ಮಾಡಿದ್ರು. ಫೋನು ಮನೇಲಿ ಅವನ ಫೋಟೋ ಪಕ್ಕದಲ್ಲಿತ್ತು. ಮನೆಯವರೆಲ್ಲ ಮೂರನೇ ದಿನದ ಪೂಜೆಗೆ ಸಮಾಧಿ ಹತ್ರ ಹೋಗಿದ್ರು. ಐದು ಗಂಟೆ. ಆ ಹುಡುಗಿ ಐದು ಗಂಟೆ ಬೆಂಚಿನ ಮೇಲೆ ಮುದುಡಿಕೊಂಡು, ತೀರಿಹೋದವನು ಬಂದು ಹೌದು ಅನ್ನಲಿ ಅಂತ ಕಾದಳು. ಮನೆಗೆ ವಾಪಸ್ ಬಂದ ಅನಘಾ ಫೋನ್ ಎತ್ತಿದ್ರು. ಗಂಡನ ಮಣ್ಣು ಇನ್ನೂ ಆರಿಲ್ಲ — ಅವರು ಅತ್ತು ಕೂರ್ಲಿಲ್ಲ, ನನಗೆ ಫೋನ್ ಮಾಡಿದ್ರು. ನಾನು ಹೋಗಿ ಕೂಗಾಡಿದ ಮೇಲೆ ಇಂಜೆಕ್ಷನ್ ಬಿತ್ತು, ಆಕ್ಸಿಜನ್ ಹಾಕಿದ್ರು.

ರಮ್ಯಶ್ರೀ ಇವತ್ತಿಗೂ ಐಸಿಯುನಲ್ಲಿದಾಳೆ. ಉಳೀತಾಳೆ ಅಂತ ಯಾರೂ ನಮಗೆ ಖಚಿತವಾಗಿ ಹೇಳಿಲ್ಲ. ಬೋರಮ್ಮ ಅಲ್ಲಿಂದಲೇ ಇಲ್ಲಿಗೆ ಬಂದಿದಾರೆ. ಉಳಿದ ಮೂವತ್ತೇಳು ಕಾರ್ಡಿನ ಮೇಲೂ ಅದೇ ನಂಬರ್ ಇದೆ.

ಇದೇ ಆ ಪತ್ರ. ಸಹಿ ಇಲ್ಲದೆ ವಾಪಸ್ ಬಂದು ಅವನ ಡ್ರಾಯರಲ್ಲಿತ್ತು. ಸಹಿ ಮಾಡಬೇಕಾದ ಮೂವರೂ ಮುಂದಿನ ಸಾಲಲ್ಲೇ ಇದೀರಿ. ದುಃಖದ ಸಭೇಲಿ ಇದು ಸರಿಯಲ್ಲ ಅಂತ ನಿಮಗನ್ನಿಸಬಹುದು. ಅನ್ನಿಸಲಿ. ಮುಂದಿನ ವಾರ ನಾನು ನಿಮ್ಮ ಆಫೀಸಿಗೆ ಬಂದ್ರೆ ನೀವು ಮೀಟಿಂಗಲ್ಲಿರ್ತೀರಿ.

ನಮ್ಮ ಆರೋಗ್ಯ ಕೇಂದ್ರದ ಡಾಕ್ಟರ್ ವೆಂಕಟೇಶ್ ಸಾರ್, ಮೊದಲು ನೀವು ಬನ್ನಿ. ಪೆನ್ ಇಲ್ಲಿದೆ — ಹ್ಞೂಂ, ಅಲ್ಲೇ, ಮೊದಲನೇ ಗೆರೆ ಮೇಲೆ. ಥ್ಯಾಂಕ್ಸ್ ಸಾರ್.

ಬ್ಲಡ್ ಬ್ಯಾಂಕ್ ಮೇಡಂ — ಬಂದ್ರಾ, ಬನ್ನಿ. ಪೂರ್ತಿ ಓದ್ಕೊಂಡೇ ಮಾಡಿ, ಆತುರ ಇಲ್ಲ.

ಕ್ಯಾಷುಯಲ್ಟಿ ಸಾಹೇಬ್ರೇ.

— ಏನಂದ್ರಿ? ಮೇಲಿನವರನ್ನ ಕೇಳ್ಬೇಕಾ? ಕೇಳಿ ಸಾರ್. ಫೋನ್ ನಿಮ್ಮ ಕೈಯಲ್ಲೇ ಇದೆ, ಈಗಲೇ ಕೇಳಿ. ನಾವು ಕಾಯ್ತೀವಿ.

ಸಭೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಸಿದ್ದಲಿಂಗೇಶನ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಶಂಕ್ರವ್ವನೋರೇ, ನಿಮಗೆ ಮಂಡಿ ನೋವು, ನೀವು ಕೂತಿರಿ — ಬೇಡ್ವಾ, ನಿಲ್ತೀರಾ? ಅನಘಾ, ಅವರ ಕೈ ಹಿಡ್ಕೊಳ್ಳಿ. ಮಾತು ಬೇಡ, ಗದ್ದಲ ಬೇಡ. ಎರಡು ನಿಮಿಷ ಅಂತ ನಾನು ಹೇಳಲ್ಲ. ಈ ಹಾಳೆ ಮೇಲೆ ಮೂರನೇ ಸಹಿ ಬೀಳೋವರೆಗೂ ಹೀಗೇ ಮೌನವಾಗಿ ನಿಂತಿರೋಣ.