ಲಾಭ, ಎರಡು, ಮೂರು

ಹಲೋ... ಹಲೋ, ಯಾರು ಮಾತಾಡೂದು?... ಕೌನ್?...

ಹಾಂ, ನಂಬರ ಬರೋಬರಿ ಐತಿ. ಜೋಗೇಶ್ವರಿನಾ. ಯಾರು ಬೇಕಾಗಿತ್ತು?... ಉಸ್ತಾದ್ ಬಸವಂತ್?...

ಉಸ್ತಾದ ಅಂತ ಇಲ್ಲಿ ಯಾರೂ ಇಲ್ರಿ. ಬಸವಂತರಾಯ ಅಂತ ನಮ್ಮ ಮನಿಯವ್ರು ಇದ್ರು. ಇದ್ರು ಅಂದ್ರ ಈಗಿಲ್ಲ... ಅಲ್ಲ, ಹೊರಗ ಹೋಗಿಲ್ಲ. ಸಂಜಿಕ್ಕ ಫೋನ್ ಮಾಡಿದ್ರೂ ಸಿಗೂದಿಲ್ಲ. ತೀರಿಕೊಂಡಾರ. ಎರಡು ದೀಪಾವಳಿ ಹೋದುವು...

ಇರ್ಲಿ ಬಿಡ್ರಿ, ನಿಮಗೇನ ಗೊತ್ತು. ವಾರಕ್ಕೊಬ್ಬರು ಹಿಂಗ ಕೇಳ್ತಾರ. ಪುಣೆದವ್ರು, ಗೋವಾದವ್ರು, ಒಮ್ಮೆ ಅದ್ಯಾವುದೋ ಶಿಲ್ಲಾಂಗ್ ಅಂತ. ಎಲ್ಲಾರಿಗೂ ನಾನಾ ಹೇಳಬೇಕು. ಆ ಊರಿನವ್ರಿಗೆಲ್ಲಾ ಅವ್ರು ಇನ್ನೂ ಬದುಕ್ಯಾರ. ನನ್ನ ಒಬ್ಬಾಕಿಗಷ್ಟಾ ಸತ್ತಾರ...

ಜಾಹೀರಾತಿನ ಸಿನಿಮಾದಾಗ ನೋಡಿದ್ರಿ, ಹೌದಲ್ಲ? ಗೊತ್ತೈತಿ. ಅವ್ರ ಹಿಂದಿನ ಗ್ವಾಡಿ ಮ್ಯಾಲೆ ಬೋರ್ಡ್ ಕಾಣ್ತೈತಿ, ಅದರಾಗ ಈ ನಂಬರ್ ಐತಿ. ಅಳಸಾಕ ಮರತಾರ...

ಕನ್ನಡ ಬರ್ತೈತೇನ ನಿಮಗ? ಈಗ 'ಅಯ್ಯೋ' ಅಂದ್ರೆಲಾ... ಹಾಂ? ಅಪ್ಪ ಧಾರವಾಡದವ್ರು, ನೀವು ಬಾಂದ್ರಾದಾಗ ಹುಟ್ಟಿದವ್ರು. ಹೆಸರೇನು?... ಶ್ರೀಶೈಲ! ಮಲ್ಲಯ್ಯನ ಗುಡ್ಡದ ಹೆಸರು ಇಟ್ಕೊಂಡು ಹಿಂದಿ ಮಾತಾಡ್ತೀಯಲ್ಲೋ ತಮ್ಮಾ. ತಪ್ಪಾದ್ರೂ ಆಗ್ಲಿ, ಕನ್ನಡದಾಗ ಹೇಳು. ಮತ್ತ ಆಂಟಿ ಅನಬ್ಯಾಡ. ಮೌಶಿ ಅನ್ನು. ನಾ ಇಂದ್ರಾಬಾಯಿ...

ಹಾಂ, ಈಗ ಹೇಳು. ಏನ ತೊಗೊಂಡಿ?... ಗಿಟಾರಿನ ಆಂಪ್ಲಿಫೈಯರಿಗೆ ಹಾಕೂ ಟ್ರಾನ್ಸ್‌ಫಾರ್ಮರ್. ಅವ್ರ ಹೆಸರಿಂದು. ಡಬ್ಬಿ ಮ್ಯಾಲೆ ಏನ ಬರದಾರ, ಓದು ನೋಡೋಣು...

'ಉಸ್ತಾದರ ಕೈಯ ಬೆಚ್ಚನೆಯ ದನಿ.' ಬೆಚ್ಚನೆಯ ದನಿ! ನಗಬಾರದು, ನಗು ಬರ್ತೈತಿ. ತಮ್ಮಾ, ಟ್ರಾನ್ಸ್‌ಫಾರ್ಮರ್ ಬೆಚ್ಚಗಾತು ಅಂದ್ರ ನಮ್ಮ ಮನಿಯವ್ರು ಸ್ವಿಚ್ ಬಂದ್ ಮಾಡಾಕ ಓಡ್ತಿದ್ರು...

ಮುಂದ?... ಹಳೇ ಕಾಲದ ತಾಮ್ರ. ಹಾಂ. ಸಮುದ್ರದ ಗಾಳಿ ಕುಡದ ತಂತಿ... ಎಲ್ಲಿಯ ಸಮುದ್ರೋ! ನಮ್ಮ ಗಾಲಾ, ಅಂದ್ರ ಕೆಲಸದ ಖೋಲಿ, ಅದರ ಕಿಟಕಿ ತಗದ್ರ ಬಾಜೂ ಬೇಕರಿ ಹೊಗಿ ಬರ್ತಿತ್ತು. ಹಂಗ ನೋಡಿದ್ರ ಪಾವಿನ ವಾಸನಿ ಕುಡದ ತಂತಿ ಅಂತ ಬರೀಬೇಕಿತ್ತು...

ಆತು, ನಿನಗೇನ ಅನಿಸ್ತು? ಹಾಕಿ ಬಾರಿಸಿದಿ?... ಕಣ್ಣ ಕಟ್ಟಕೊಂಡು? ಯಾಕೋ?... ಓ, ಯಾವುದು ಯಾವುದಂತ ಗೊತ್ತಾಗಬಾರದು ಅಂತ. ಗೆಳ್ಯಾ ಬದಲಿ ಮಾಡಿ ಮಾಡಿ ಹಾಕ್ದ, ನೀ ಕೇಳಿದಿ. ಆಮ್ಯಾಲೆ?... ಗುರ್ತಾ ಸಿಗಲಿಲ್ಲ. ಲ್ಯಾಮಿಂಗ್ಟನ್ ರೋಡಿನ ಸಾದಾ ಮಾಲಿಗೂ ಇದಕ್ಕೂ ಎಳ್ಳಷ್ಟೂ ಫರಕ ಇಲ್ಲ...

ಹೆಂಗ ಇರ್ತೈತಿ? ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತೂದಾ ಅವ್ರ ಕೆಲಸ, ಅವ್ರೂ ಅದನ್ನಾ ಅಂತಿದ್ರು. 'ಇಂದ್ರಾ, ತಂತಿಗೆ ಕೈ ಗುರ್ತ ಇರೂದಿಲ್ಲ' ಅಂತ. ಸುತ್ತು ಬರೋಬರಿ ಬಿದ್ರ ಆತು, ಬಸವಂತ ಸುತ್ತಿದ್ರೇನು, ಬಾದಶಹಾ ಸುತ್ತಿದ್ರೇನು...

ಹಾಂ?... ಏನಂದಿ? ಇನ್ನೊಮ್ಮೆ ಹೇಳು...

ಅಂಥಾ ಮನಷ್ಯಾನಾ ಇರಲಿಲ್ಲ ಅಂತ?...

ಡಬ್ಬಿ ಮ್ಯಾಲಿಂದೆಲ್ಲಾ ಸುಳ್ಳು, ಹಂಗಾದ್ರ ಮುದುಕನೂ ಸುಳ್ಳು. ಬಾಡಿಗಿ ನಟ, ಬಿಳಿ ಮೀಸಿ ಅಂಟಿಸ್ಯಾರ. ನೀ ಇಂಟರ್‌ನೆಟ್ಟಿಗೆ ಹಾಕೂ ವಿಡಿಯೊದಾಗ ಹಂಗ ಹೇಳಾವ ಇದ್ದಿ, ಅಲ್ಲೇನ? ಅದನ್ನ ಖಾತ್ರಿ ಮಾಡ್ಕೊಳಾಕ ಫೋನ್ ಹಚ್ಚಿದಿ?...

ಕೇಳು ಹಂಗಾದ್ರ. ಇದ್ರು. ಬಲಗೈ ತೋರಬೆರಳಿನಾಗ ತಂತಿ ಜಗ್ಗಿ ಜಗ್ಗಿ ಗೀರು ಬಿದ್ದಿತ್ತು. ರೊಟ್ಟಿ ಮುರಿಯೂವಾಗ ಆ ಬೆರಳು ಎತ್ತಿ ಹಿಡೀತಿದ್ರು, ಕೆಂಪ ಚಟ್ನಿ ಹತ್ತಿದ್ರ ಉರೀತೈತಿ ಅಂತ. ಸುಳ್ಳ ಮನಷ್ಯಾಗ ಉರೀತೈತೇನೋ?...

ಅಳಾಕತ್ತಿಲ್ಲ. ಸಿಟ್ಟ ಬಂದೈತಿ... ಇರ್ಲಿ, ಇರ್ಲಿ. ಸಾರಿ ಅನಬ್ಯಾಡ. ನೀ ಕೇಳಿದ್ದು ಚಲೋನಾ ಆತು, ಉಳದವ್ರು ಯಾರೂ ಕೇಳೂದಿಲ್ಲ...

ಒಂದ ನಿಮಿಷ ತಡಿ, ಬಾಗಲಾ ಬಡ್ಯಾಕತ್ತಾರ... ಗಂಗುಬಾಯಿ! ಮಾಝೀ ಬಾದಲೀ ಲಾವ ಗ, ಫೋನವರ ಆಹೇ!... ಹಾಂ, ಹೇಳು ತಮ್ಮಾ. ಬಾಜೂ ಮನಿಯಾಕಿ, ನಳಾ ಬಂದೈತಂತ, ನನ್ನ ಬಕೀಟ ಹಚ್ಚು ಅಂದೆ. ಈ ಫೋನ್ ಬ್ಯಾರೆ ಕೂಯ್ ಕೂಯ್ ಅನ್ನಾಕತ್ತೈತಿ, ಚಾರ್ಜ್ ಹಚ್ಚಿಲ್ಲ. ನಡುವ ಕಟ್ ಆದ್ರ ತಪ್ಪ ತಿಳೀಬ್ಯಾಡ...

ಸಿನಿಮಾದಾಗ ಹೆಂಗ ಬಂದ್ರು ಅಂದ್ರ, ಆ ಡಬ್ಬಿ ಮಾರೂ ಕಂಪನಿಯವ್ರು ಕ್ಯಾಮರಾ ಹೊತ್ಕೊಂಡು ಬಂದ್ರು. ಸ್ಟೀಲ್ ಗ್ಲಾಸ್ ತಗದು ಮಣ್ಣಿನ ಕಪ್ ಇಟ್ರು. ಟ್ಯೂಬ್‌ಲೈಟ್ ಆರಿಸಿ ಕಂದೀಲು ಹಚ್ಚಿದ್ರು. ಇವ್ರು ನನ್ನ ಕಡೆ ನೋಡಿ ಕಣ್ಣ ಹೊಡದ್ರು, 'ಇಂದ್ರಾ, ನನ್ನ ಹಿಡದು ಹಳೇ ಕಾಲದ ಅಜ್ಜನ್ನ ಮಾಡಾಕತ್ತಾರ' ಅಂತ. ಆಮ್ಯಾಲೆ ಅಂಗಿಗೆ ಮೈಕ್ ಸಿಗಿಸಿ ಮಧ್ಯಾಹ್ನ ಪೂರ್ತಿ ತಂತಿ ಸುತ್ತು ಎಣಿಸಾಕ ಹಚ್ಚಿದ್ರು...

ಹಾಂ? ನಿಂದು ಹೋದ ತಿಂಗಳ ಸುತ್ತಿದ್ದಾ? ಡಬ್ಬಿ ಮ್ಯಾಲೆ ತಾರೀಖ ಐತಿ?... ಇಲ್ಲೋ. ಅವ್ರು ಎಲ್ಲಿಂದ ಬಂದು ಸುತ್ತತಾರ? ಮಷೀನ್ ಹೋತು. ಗಾಲಾದಾಗ ಈಗ ಚಪ್ಪಲಿ ಡಬ್ಬಿ ಮಾಡ್ತಾರ...

ದನಿ?... ಯಾರ ದನಿ?... ಡಬ್ಬಿ ಮ್ಯಾಲಿನ ಚೌಕದ ಚಿತ್ರಕ್ಕ ಮೊಬೈಲ್ ಹಿಡದ್ರ ದನಿ ಬರ್ತೈತಿ. ಅವತ್ತ ಸುತ್ತೂವಾಗ ಉಸ್ತಾದರು ಎಣಿಸಿದ್ದು ಅಂತ ಬರದಾರ. ಹೋದ ತಿಂಗಳ ತಾರೀಖಿಗೆ...

…

ಹಾಂ, ಅದೀನಿ. ಕಟ್ ಆಗಿಲ್ಲ. ಕುರ್ಚಿ ಎಳಕೊಂಡು ಕುಂತೆ...

ಮೊದಲ ಏನಂತಾರ ಅದರಾಗ?... ಲಾಭ. ಹಾಂ. ಅದಕ್ಕ ಏನ ಅರ್ಥ ಹೇಳ್ಯಾರ?... ಗುಪ್ತ ಸುತ್ತು. ಎಣಿಕಿ ಶುರು ಆಗೂಕಿಂತ ಮೊದಲ ಮಂತ್ರ ಹಾಕಿ ಸುತ್ತೂದು, ಅದರಾಗ ದನಿಯ ಆತ್ಮಾ ಇರ್ತೈತಿ... ಶಿವ ಶಿವಾ...

ಬಿಚ್ಚಿ ಎಣಿಸಿದಿ? ಪೂರಾ? ಭಾಳ ಹಟಮಾರಿ ಅದಿ ನೀ. ಹೆಚ್ಚಿನ ಸುತ್ತಾ ಇಲ್ಲ, ಅಲ್ಲೇನ?... ಎಲ್ಲಿಂದ ಬರಬೇಕೋ! ನಮ್ಮ ವಿಜಾಪುರದ ಕಡೆ ಕಣದಾಗ ಜ್ವಾಳ ಅಳೀತಾರ, ಮೊದಲನೇ ಸೇರಿಗೆ ಒಂದು ಅನ್ನೂದಿಲ್ಲ. ಲಾಭ ಅಂತಾರ. ಶುಭ ಆಗ್ಲಿ ಅಂತ. ಆಮ್ಯಾಲೆ ಎರಡು, ಮೂರು. ಲಾಭ ಅಂದ್ರ ಒಂದಾ ತಮ್ಮಾ, ಬ್ಯಾರೆ ಏನೂ ಇಲ್ಲ. ಅವ್ರಿಗೆ ಅದಾ ರೂಢಿ. ಅಂಧೇರಿ ಸ್ಟೇಶನ್ನಿನ ಮೆಟ್ಟಲಾ ಸೈತ ಹಂಗಾ ಎಣಿಸಿ ಹತ್ತತಿದ್ರು...

ಏನು? ಹಂಗಲ್ಲ?... ನಿನ್ನ ಡಬ್ಬಿ ದನಿ ಲಾಭ ಆದ ಮ್ಯಾಲೆ ಏನಂತೈತಿ?... ಒಂದು...

ಲಾಭ, ಒಂದು, ಎರಡು...

…

ಗೊತ್ತೈತಿ.

ಗೊತ್ತೈತಿ ಅಂದೆ. ಅದು ಅವ್ರಲ್ಲ. ನನಗ ಮೊದಲಾ ಗೊತ್ತೈತಿ...

ಹೆಂಗಂದ್ರ... ಸೌಮ್ಯಾಗ ಹೇಳಬ್ಯಾಡ ನೋಡು. ನನ್ನ ಮಗಳು, ಫೋರ್ಟಿನ್ಯಾಗ ಬ್ಯಾಂಕಿನಾಗ ಅದಾಳ. ಆಕಿ ಊಟದ ಡಬ್ಬಾ ತೊಗೊಂಡು ಹೊರಗ ಬಿದ್ದ ಮ್ಯಾಲೆ ನಾ ಆ ಕಂಪನಿಗೆ ಫೋನ್ ಹಚ್ತೀನಿ. ಒಬ್ಬಾಕಿ ಇಂಗ್ಲಿಷಿನಾಗ ತಡೀರಿ ಅಂತಾಳ. ಎಲ್ಲಾ ಕಡೆ ಆಗ ಹಾಡು ಹಾಕ್ತಾರಲ್ಲ, ಅಲ್ಲಿ ಹಾಡಿಲ್ಲ. ಅವ್ರು ಎಣಸ್ತಾರ. ಲಾಭ, ಒಂದು, ಎರಡು, ಮೂರು. ಖರೇ ಮನಷ್ಯಾರು ಬಂದು ಹಲೋ ಅಂದಕೂಡ್ಲೆ ಇಟ್ಟಬಿಡ್ತೀನಿ...

ಹೂಂ, ದಿನಾ...

ಮೊದಲ ದಿನಾನಾ ಗೊತ್ತಾತು. ದನಿ ಅವ್ರದಾ, ಅದಾ ಗೊಗ್ಗರು ದನಿ. ಆದ್ರ ಲಾಭ ಆದ ಮ್ಯಾಲೆ ಒಂದು ಅಂದ್ರು. ಸತ್ರೂ ಹಂಗ ಅನ್ನೂದಿಲ್ಲ ಅಂತ ಮಾತಿಗೆ ಅಂತೀವಲ್ಲ, ಇವ್ರ ಕಡಿಂದ ಸತ್ತ ಮ್ಯಾಲೆ ಅನಿಸ್ಯಾರ. ಮತ್ತ ಅದರಾಗ ಕೆಮ್ಮಿಲ್ಲ. ಸುತ್ತಿದ ತಂತಿಗೆ ಹಚ್ಚೂ ವಾರ್ನಿಶಿನ ವಾಸನಿಗೆ ನಡುನಡುವ ಕೆಮ್ಮತಿದ್ರು. ಆ ಕೆಮ್ಮಾ ಅವ್ರನ್ನ ಒಯ್ದಿದ್ದು. ಅದನ್ನ ತಗದು ಚೊಕ್ಕ ಮಾಡ್ಯಾರ...

ಹೌದು, ಕಂಪ್ಯೂಟರ್ ಕಡಿಂದ ಮಾತಾಡಸ್ತಾರಂತ, ಸೌಮ್ಯಾನೂ ಹಂಗ ಏನೋ ಹೇಳ್ತಿದ್ಲು. ಅವತ್ತ ಮೈಕ್ ಸಿಗಿಸಿ ಕೊಂಡೊಯ್ದ ದನಿ ಇದ್ರ ಸಾಕು, ಬೇಕಾದ್ದ ನುಡಿಸಬಹುದು. ಲಾಭ, ಎರಡು ಅಂದಿದ್ದು ಕೇಳಿ ಯಾರೋ ಶಾಣ್ಯಾ, ಮುದುಕ ಒಂದು ಮರತಾನ ಅಂತ ತುಂಬ್ಯಾನ...

ಗೊತ್ತಿದ್ದೂ ಯಾಕ ಕೇಳ್ತೀನಿ? ಬ್ಯಾರೆ ಎಲ್ಲಿ ಕೇಳ್ಲೋ?... ಸಿನಿಮಾದಾಗ? ಅದರಾಗ ಗಿಟಾರು ಬಾರಸ್ತೈತಿ, ಮ್ಯಾಲೆ ಯಾರೋ ಇಂಗ್ಲಿಷ್ ಮಾತಾಡ್ತಾರ. ಅವ್ರ ತುಟಿ ಅಷ್ಟಾ ಅಲ್ಲಾಡ್ತಾವ. ಮೊಬೈಲಿನ್ಯಾಗ ಫೋಟೋ ಅದಾವ, ಫೋಟೋಕ್ಕ ಬಾಯಿ ಇಲ್ಲ...

ನಾ ತಿದ್ದತೀನಿ ತಮ್ಮಾ. ನಗಬ್ಯಾಡ. ಅವ್ರು ಒಂದು ಅಂದಕೂಡ್ಲೆ 'ಒಂದಲ್ಲರೀ, ಎರಡು' ಅಂತೀನಿ. ಮಾರನೇ ದಿನ ಮತ್ತ ಒಂದು ಅಂತಾರ. ಮತ್ತ ತಿದ್ದತೀನಿ. ಬದುಕಿದ್ದಾಗೂ ನಾವು ಹಿಂಗಾ, ಅವ್ರು ಏರಿಗೆ ನಾ ನೀರಿಗೆ. ಸಂಸಾರ ನಡದಂಗಾ ಐತಿ...

ಒಂದ ಮಾತು ಕೇಳ್ಲ್ಯಾ? ನೀ ಇದನ್ನ ವಿಡಿಯೊದಾಗ ಹೇಳಿದಿ ಅಂದ್ರ, ಸತ್ತವ್ರ ಕಡಿಂದ ಸುತ್ತಸ್ತಾರ, ದನೀನೂ ಸುಳ್ಳು ಅಂತ... ಕಂಪನಿಯವ್ರು ಆ ದನಿ ತಗದಬಿಡ್ತಾರ, ಹೌದಲ್ಲ?... ಫೋನಿನ್ಯಾಗಿಂದೂ?...

ಹೂಂ. ಎಲ್ಲಾ.

…

ಬ್ಯಾಡ ಅಂದ್ರ ಬಿಡ್ತೀ?... ಬಿಡ್ತೀ. ಚಲೋ ಹುಡುಗ ಅದಿ. ಕೇಳದಾ ಹಾಕಿದ್ರ ನನಗ ಹಗುರ ಆಗ್ತಿತ್ತು. ಈಗ ನನ್ನ ಬಾಯಿಂದಾ ಹೇಳಬೇಕಾತಲ್ಲ...

ಕಡೀಕ ದವಾಖಾನ್ಯಾಗ ಮೂಗಿಗೆ ನಳಗಿ ಹಾಕಿದ್ರು. ಆಗೂ ಚಾದರದ ಮ್ಯಾಲೆ ಬೆರಳ ತಿರಗಸ್ತಿದ್ರು, ತುಟಿ ಎಣಸ್ತಿತ್ತು. ನಡುವ ತಪ್ಪಿದ್ರ ಗೋಣ ಅಲ್ಲಾಡಿಸಿ ಮತ್ತ ಲಾಭದಿಂದ. ಗಾಲಾದಾಗೂ ಹಂಗಾ ಇದ್ರು. ಒಂದ ಸುತ್ತು ಹೆಚ್ಚುಕಡಿಮಿ ಆದ್ರ ಯಾರ ಕಿವಿಗೂ ತಿಳಿಯೂದಿಲ್ಲ ಅಂತ ತಾವಾ ಅಂತಿದ್ರು, ಮತ್ತ ತಾವಾ ಪೂರಾ ಬಿಚ್ಚಿ ಸುತ್ತತಿದ್ರು. ತಪ್ಪ ಇಟ್ಕೊಂಡು ಮುಂದ ಹೋಗೂದು ಅವ್ರಿಂದ ಆಗ್ತಿರಲಿಲ್ಲ...

ಅಂಥಾವ್ರನ್ನ ಹಿಡದು ದಿನಾ ತಪ್ಪ ಎಣಿಸಾಕ ಹಚ್ಯಾರ. ಬಿಚ್ಚೇನಂದ್ರ ಕೈ ಇಲ್ಲ. ಸಾಕು ಅನ್ನೇನಂದ್ರ ಬಿಡವಲ್ರು. ಲಾಭ, ಒಂದು. ಲಾಭ, ಒಂದು. ನನಗ ದನಿ ಬೇಕಂತ ಅವ್ರನ್ನ ಅಲ್ಲೇ ನಿಂದ್ರಿಸಿ ಇಡ್ಲ್ಯಾ? ನೀನಾ ಹೇಳು...

ಹಾಕು. ಎಲ್ಲಾ ಹೇಳಿ ಹಾಕು. ಆದ್ರ ಇದನ್ನೂ ಹೇಳು. ಬಸವಂತರಾಯ ಅಂತ ಒಬ್ರು ಖರೇನಾ ಇದ್ರು. ಉಸ್ತಾದ ಅಲ್ಲ, ಬಾಬಾ ಅಲ್ಲ. ಒಂದಕ್ಕ ಲಾಭ ಅಂತಿದ್ರು. ಅಷ್ಟ ಹೇಳಿದ್ರ ಸಾಕು...

ತಡಿ, ಇಡಬ್ಯಾಡ! ಆ ಡಬ್ಬಿ ಹತ್ರ ಐತೇನ?... ಇನ್ನೊಂದು ಮೊಬೈಲ್ ಇದ್ರ ಅದರಾಗ ದನಿ ಹಚ್ಚಿ ಇದಕ್ಕ ಹಿಡಿ. ನಾಳಿಂದ ಸಿಗೂದಿಲ್ಲಲ್ಲ. ಕಡೀ ಸಲ ತಿದ್ದಿ ಕಳಸ್ತೀನಿ...

ಹೂಂ... ಬಂತು... ಬಂದ್ರು...

ಲಾಭ...

ಒಂದಲ್ಲರೀ. ಎರಡು...

ಎರಡು ಅನ್ರಿ... ಇರ್ಲಿ ಬಿಡ್ರಿ, ಬಿಚ್ಚರಿ. ಮತ್ತ ಮೊದಲಿಂದ ಸುತ್ತರಿ. ಅವಸರ ಇಲ್ಲ, ನಾ ಇಲ್ಲೇ ಕುಂತೀನಿ...

ತಮ್ಮಾ, ಮತ್ತೊಮ್ಮೆ ಹಚ್ಚೋ, ಈ ಫೋನ್ ಕೂಯ್ ಅನ್ನಾಕತ್ತೈತಿ... ಹೂಂ, ಲಾಭ... ಮುಂದ?...

ಹಲೋ?... ಮುಂದ ಅನ್ರಿ... ಹಲೋ?... ರೀ?...