ಸಾಯುವ ಮುಂಚಿನ ಮಾತು

ಬಸವನ ಬಾಗೇವಾಡಿ ಬಸ್ ನಿಲ್ದಾಣದಲ್ಲಿ ಮುದ್ದೇಬಿಹಾಳದ ಬಸ್ಸಿಗೆ ಕಾಯುತ್ತಿದ್ದ ಬುಶ್ರಾ ಫೋನಿನಿಂದ ತಲೆ ಎತ್ತಿದ್ದು, ಪಕ್ಕದ ಬೆಂಚಿನ ಮುದುಕಿ "ನಾ ಇನ್ನ ಸಾಯಾಂಗಿಲ್ಲ!" ಎಂದು ಗುಡುಗಿದಾಗ. ಎದುರಿಗೆ ಸನ್ಮಾನ ಸಮಿತಿಯ ಬ್ಯಾಡ್ಜು ತೊಟ್ಟವನೊಬ್ಬ ಕೈಮುಗಿದು ನಿಂತಿದ್ದ.

"ಚಂಪಾಬಾಯಾರ, ಸನ್ಮಾನ ಆದ ಮ್ಯಾಲ ಸಣ್ಣದೊಂದು ಸೀನ್ರಿ. ವಿಷ ಕುಡದು ಬೀಳೂದಷ್ಟ."

"ಎಂಬತ್ತೈದು ವರ್ಷದಾಕಿ ಬೀಳಬೇಕೇನು?"

"ಗಾದಿ ಹಾಸ್ತೇವ್ರಿ. ಕಂಪನಿ ನಾಟಕದಾಗ ನೀವು ಸತ್ತು ಬಿದ್ರ ಮಂದಿ 'ಒನ್ಸ್ ಮೋರ್' ಅಂತಿದ್ರಂತ. ನೀವು ಎದ್ದು ಮತ್ತ ಸಾಯ್ತಿದ್ರಂತ. ನಮ್ಮಪ್ಪ ಇನ್ನೂ ಹೇಳ್ತಾನ್ರಿ."

"ಸಾಯೂಕಿಂತ ಮೊದಲ ನಾ ಏನ ಅಂತಿದ್ದೆ, ಅದನ್ನ ಹೇಳ್ಯಾನೇನು ನಿಮ್ಮಪ್ಪ?"

"ಮಾತಿತ್ತೇನ್ರಿ?"

"ಇತ್ತಪಾ! ಸುಮ್ಮಸುಮ್ಮನ ಸಂಶೇ ಪಡೂ ಗಂಡಗ ಎದುರು ನಿಂತು ಬೈತಿದ್ದೆ. ಕೇಳಿದ ಗಂಡಸರು ತೆಳಗ ಮಾರಿ ಹಾಕ್ತಿದ್ರು. ಅದಕ್ಕ ಮಾಲಕ ಆ ಮಾತು ತಗಸಿದ. 'ಮಂದಿ ನೀ ಸಾಯೂದು ನೋಡಾಕ ಬರ್ತಾರ, ಬೈಸಿಕೊಳ್ಳಾಕ ಅಲ್ಲ' ಅಂದ. ಕಂಪನಿ ಮುಚ್ಚೂತನಕ ಬಾಯಿ ಮುಚ್ಚಿಕೊಂಡ ಸತ್ತೇನಿ. ಈಗ ನೀ ಬಂದಿ, ಶಾಲು ಹೊಚ್ಚಿ ಸಾಯಿಸಾಕ!"

ಅಷ್ಟರಲ್ಲಿ ಮನಗೂಳಿ ಬಸ್ಸು ಬಂತು. ಮುದುಕಿ ಕೈಚೀಲ ಎತ್ತಿಕೊಂಡಳು. ಅವನು ಬೆನ್ನಿಗೇ ಓಡಿದ.

"ಹಂಗಾರ ಸನ್ಮಾನಕ್ಕ ಬರಾಂಗಿಲ್ಲೇನ್ರಿ?"

"ಯಾಕ ಬರಾಂಗಿಲ್ಲ? ಬರ್ತೇನಿ. ಬಂದು ಆ ಮಾತು ಪೂರಾ ಆಡ್ತೇನಿ. ನಿಮ್ಮಪ್ಪನ್ನ ಮುಂದಿನ ಸಾಲಿನ್ಯಾಗ ಕುಂದ್ರಸು."

ಬಸ್ಸಿನ ಮೆಟ್ಟಿಲು ಹತ್ತಿ ಒಮ್ಮೆ ತಿರುಗಿದಳು.

"ಒನ್ಸ್ ಮೋರ್ ಅನ್ನಲಿ, ನೋಡೂಣು!"